ಸನ್ನೆ ಹಗ್ಗ

ಕೊಟ್ರಯ್ಯ ಉಗ್ರಾಣದ ಬೀಗದ ಕೈಗೊಂಚಲು ತಂದು ಗುರುಗಳ ಮುಂದೆ ಇಟ್ಟ. ಇಟ್ಟ ಎನ್ನುವುದಕ್ಕಿಂತ ಎಸೆದ ಎನ್ನಬೇಕು. ಕಲ್ಲುಹಾಸಿನ ಮೇಲೆ ಅದು ಝಣ್ಣೆಂದಿತು.

"ನಾನು ಹೊರಟೆ ಅಜ್ಜಾರೇ."

ಗುರುಗಳು ಕೈಗೊಂಚಲನ್ನು ನೋಡಿದರು. ಮುಟ್ಟಲಿಲ್ಲ.

"ಎಲ್ಲಿಗೆ?"

"ಸೋದರಮಾವನ ಅಕ್ಕಿ ಗಿರಣಿಗೆ. ಅಲ್ಲಿ ಇವತ್ತು ಯಾರು ಏನು ಮಾಡಬೇಕು ಅಂತ ಬೆಳಿಗ್ಗೆಯೇ ಹಲಗೆ ಮೇಲೆ ಬರೆದಿರ್ತಾರೆ. ಓದಿಕೊಂಡು ಮಾಡಿದರೆ ಆಯಿತು."

"ಇಲ್ಲಿ?"

"ಇಲ್ಲಿ ಏನಿದೆ? ನಿಮ್ಮ ಮುಖ ನೋಡಿ ಓದಬೇಕು. ಆ ಮುಖದ ಮೇಲೆ ಏನೂ ಬರೆದಿರೋದಿಲ್ಲ."

ಗುರುಗಳಿಗೆ ಎಪ್ಪತ್ತನಾಲ್ಕು. ಹಿಂದೆ ಯಾರೂ ಅವರೆದುರು ಹೀಗೆ ಮಾತಾಡಿರಲಿಲ್ಲ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೂ ತಿಳಿಯುವಂತಿರಲಿಲ್ಲ.

ಹೊಳೆದಂಡೆಯ ಆ ಆಶ್ರಮಕ್ಕೆ ಕೊಟ್ರಯ್ಯ ಬಂದು ಆರು ವರ್ಷ. ಅಡುಗೆ, ಉಗ್ರಾಣ, ದನ, ಬಂದವರ ಊಟ, ಎಲ್ಲದರ ಉಸ್ತುವಾರಿ ಅವನದೇ. ಕೆಲಸ ಅವನಿಗೆ ಭಾರವಾಗಿರಲಿಲ್ಲ. ಏನು ಕೆಲಸ ಎಂದು ಗೊತ್ತಾಗದಿರುವುದು ಭಾರವಾಗಿತ್ತು.

"ನಿನ್ನೆ ಅರವತ್ತು ಜನ ಬಂದರು," ಎಂದ ಕೊಟ್ರಯ್ಯ.

"ಬಂದರು."

"ನಾನು ಅನ್ನ ಮಾಡಿದ್ದು ಹದಿನೈದು ಜನಕ್ಕೆ. ಎಲೆ ಮುಂದೆ ಕೂತ ಒಬ್ಬ ಮುದುಕಿ ಖಾಲಿ ಎಲೆಗೆ ನೀರು ಚಿಮುಕಿಸಿ ಒರೆಸ್ತಾ ಇದ್ದಳು. ಅರ್ಧ ಗಂಟೆ. ಕೊನೆಗೆ ನನ್ನನ್ನೇ ಕೇಳಿದಳು: ಇನ್ನೊಮ್ಮೆ ತೊಳೀಲೇನಪ್ಪ? ಅಂತ. ಎಲ್ಲರೂ ನಕ್ಕರು. ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು."

ಗುರುಗಳು ಹೊದ್ದಿದ್ದ ಶಲ್ಯ ಸರಿಮಾಡಿಕೊಂಡರು.

"ಬರ್ತೀವಿ ಅಂತ ಅವರು ಹದಿನೈದು ದಿನದ ಹಿಂದೆಯೇ ಹೇಳಿಕಳಿಸಿದ್ದರಂತೆ. ನಿಮಗೆ."

"ಹೌದು."

"ಮೊನ್ನೆ ನಾನು ಕೇಳಿದೆ, ಯಾರಾದರೂ ಬರ್ತಾರಾ ಅಂತ. ಮೂರು ಸಲ ಕೇಳಿದೆ."

"ನಾನು ಏನಂದೆ?"

"ಕಣ್ಣು ಮುಚ್ಚಿದಿರಿ."

"ಮೂರು ಸಲವೂ?"

"ಮೂರನೇ ಸಲ ಮುಚ್ಚಿಕೊಂಡೇ ಇದ್ದಿರಿ."

ಗುರುಗಳ ತುಟಿಯ ತುದಿ ಸ್ವಲ್ಪ ಅಲುಗಿತು. ಕೊಟ್ರಯ್ಯ ನಗಲಿಲ್ಲ.

"ಕೊಟ್ಟಿಗೆ ಗೋಡೆ ವಿಷಯ ಹೇಳಲಾ? ಕಟ್ಟು ಅಂದಿರಿ, ಕಟ್ಟಿದೆ. ಹನ್ನೆರಡು ದಿನ ಕಲ್ಲು ಹೊತ್ತೆ. ಹದಿಮೂರನೇ ದಿನ ಬಂದಿರಿ, ನೋಡಿದಿರಿ, ಕೆಡವು ಅಂದಿರಿ. ಕೆಡವಿದೆ. ಯಾಕೆ ಅಂತ ಇವತ್ತಿನವರೆಗೂ ಗೊತ್ತಿಲ್ಲ. ನಾಲ್ಕು ವರ್ಷ ಆಯಿತು."

ಗುರುಗಳು ಎದ್ದು ಕಿಟಕಿಯ ಹತ್ತಿರ ಹೋದರು. ಹೊಳೆ ಬತ್ತಿ ಮರಳು ಹೊಳೆಯುತ್ತಿತ್ತು. ಅಲ್ಲಲ್ಲಿ ಗುಂಡಿಗಳಲ್ಲಿ ಮಾತ್ರ ಒಂದಿಷ್ಟು ನೀರು.

"ಬಾವಿಯ ಹೂಳು ತೆಗೆಸಬೇಕು. ದುರುಗಪ್ಪನಿಗೆ ಹೇಳಿಕಳಿಸಿದ್ದೇನೆ. ಅದೊಂದು ಮುಗಿಸಿಕೊಟ್ಟು ಹೋಗು."

"ಎಷ್ಟು ದಿನದ ಕೆಲಸ?"

ಗುರುಗಳು ಬಂದು ಕೂತರು. ಕಣ್ಣು ಮುಚ್ಚಿದರು.

ಕೊಟ್ರಯ್ಯ ಹಲ್ಲು ಕಚ್ಚಿಕೊಂಡು ಹೊರಗೆ ಬಂದ. ಕೈಗೊಂಚಲು ಬಿದ್ದಲ್ಲೇ ಇತ್ತು. ವಾರಕ್ಕಾಗುವಷ್ಟು ಅಕ್ಕಿ ಬೇಳೆಯನ್ನು ಅವನು ಆಗಲೇ ಅಡುಗೆಮನೆಗೆ ತೆಗೆದಿಟ್ಟಿದ್ದ.

ಬಾವಿ ಅಡುಗೆಮನೆಯ ಹಿಂದೆ. ನಲವತ್ತು ಅಡಿ ಆಳ, ಕಿರಿದಾದ ಬಾಯಿ. ತಳದಲ್ಲಿ ಆಳೆತ್ತರ ಕೆಸರು ಕೂತಿತ್ತು. ಹೊಳೆ ಬತ್ತಿದ ಮೇಲೆ ಆಶ್ರಮಕ್ಕೆ ಆ ಬಾವಿಯೊಂದೇ ಗತಿ.

ದುರುಗಪ್ಪ ಮರುದಿನ ಬೆಳಿಗ್ಗೆ ಬಂದ. ಹೆಂಡತಿ ಹನುಮವ್ವನೂ ಬಂದಳು. ಮೂವತ್ತು ವರ್ಷದಿಂದ ಅವರ ಕೆಲಸ ಅದೇ. ಅವನು ಒಳಗೆ, ಅವಳು ಹೊರಗೆ. ದಪ್ಪ ಹಗ್ಗ ರಾಟೆಯ ಮೇಲೆ. ಅದರಲ್ಲಿ ಕೆಸರಿನ ಬುಟ್ಟಿ ಬರುವುದು, ಹಲಗೆ ಕಟ್ಟಿದರೆ ಅದರಲ್ಲೇ ಆಳು ಇಳಿಯುವುದು, ಹತ್ತುವುದು. ಆಶ್ರಮದ ಇಬ್ಬರು ಆಳುಗಳು ಅದನ್ನು ಎಳೆದರು. ಇನ್ನೊಂದು ತೆಳು ಹಗ್ಗ. ಅದರ ಒಂದು ತುದಿ ದುರುಗಪ್ಪನ ಸೊಂಟದಲ್ಲಿ, ಇನ್ನೊಂದು ಹನುಮವ್ವನ ಕೈಯಲ್ಲಿ. ಅದಕ್ಕೆ ಅವರು ಸನ್ನೆ ಹಗ್ಗ ಎನ್ನುತ್ತಿದ್ದರು.

ಎರಡು ದಿನ ಕೆಲಸ ಸರಾಗವಾಗಿ ಹೋಯಿತು. ಮೂರನೆಯ ದಿನ ಹನುಮವ್ವನ ಅಂಗೈಯ ಬೊಬ್ಬೆ ಒಡೆದು ರಕ್ತ ಬಂತು.

"ಅಯ್ನೋರೇ, ಸ್ವಲ್ಪ ಹೊತ್ತು ನೀವು ಹಿಡೀರಿ," ಎಂದಳು.

"ಏನು ಮಾಡಬೇಕು?"

"ಅವನು ಒಂದು ಜಗ್ಗಿದರೆ ಬುಟ್ಟಿ ಎಳೆಸಿ. ಎರಡು ಜಗ್ಗಿದರೆ ಬುಟ್ಟಿ ಇಳಿಸಿ. ಮೂರು ಜಗ್ಗಿದರೆ ಅವನನ್ನೇ ಎತ್ತಿಸಿ. ಆದರೆ ಅವನು ಎಷ್ಟು ಜಗ್ಗಿದನೋ ನೀವೂ ಅಷ್ಟೇ ತಿರುಗಿ ಜಗ್ಗಬೇಕು. ಅದು ಮೊದಲು. ಕೆಲಸ ಆಮೇಲೆ."

"ಇಷ್ಟೆಲ್ಲ ಯಾಕೆ? ಕೂಗಿದರೆ ಆಗೋದಿಲ್ವಾ?"

"ಕೂಗಿ ನೋಡಿ."

ಕೊಟ್ರಯ್ಯ ಬಗ್ಗಿ ಕೂಗಿದ. ಮಾತು ಗುಂಯ್ ಎಂದು ಗೋಡೆಯಿಂದ ಗೋಡೆಗೆ ಬಡಿಯುತ್ತ ಇಳಿಯಿತು. ಕೆಳಗಿನಿಂದಲೂ ಏನೋ ಗುಂಯ್ಗುಟ್ಟುತ್ತ ಮೇಲೆ ಬಂತು.

"ಏನಂದ?"

"ಬೈದ," ಎಂದಳು ಹನುಮವ್ವ. "ಏನು ಬೈದ ಅಂತ ನನಗೂ ಗೊತ್ತಾಗಲಿಲ್ಲ."

"ಅವನು ಜಗ್ಗಿದ, ನಮಗೆ ಆಗ ಎಳೆಯೋದಕ್ಕೆ ಆಗಲಿಲ್ಲ. ಆವಾಗ?"

"ಹಗ್ಗ ಬಿಗಿಹಿಡೀರಿ. ಜಗ್ಗಬೇಡಿ, ಸಡಿಲ ಬಿಡಬೇಡಿ. ಕೇಳಿಸಿದೆ, ತಾಳು ಅಂತ ಅವನಿಗೆ ಗೊತ್ತಾಗುತ್ತೆ."

ಕೊಟ್ರಯ್ಯ ಹಗ್ಗ ಹಿಡಿದ. ಕೆಳಗಿನಿಂದ ಒಂದು ಜಗ್ಗು ಬಂತು. ತಕ್ಷಣ ಆಳುಗಳಿಗೆ ಹೇಳಿದ, ಬುಟ್ಟಿ ಮೇಲೆ ಬಂತು. ಎರಡು ಜಗ್ಗು ಬಂತು. ತಕ್ಷಣ ಬುಟ್ಟಿ ಇಳಿಸಿದ. ತಿರುಗಿ ಜಗ್ಗುವುದು ದಂಡ ಎನಿಸಿ ಬಿಟ್ಟುಬಿಟ್ಟ. ಕೇಳಿದ ಕೆಲಸ ಕೇಳಿದ ಕೂಡಲೇ ಆಗುತ್ತಿದೆಯಲ್ಲ, ಇನ್ನೇನು ಬೇಕು?

ಎಂಟನೆಯ ಬುಟ್ಟಿಯ ಮೇಲೆ ಮೂರು ಜಗ್ಗು ಬಂತು. ಹಲಗೆ ಇಳಿಸಿದರು. ದುರುಗಪ್ಪ ಮೇಲೆ ಬಂದ. ಕಣ್ಣು ಬಿಟ್ಟರೆ ಉಳಿದದ್ದೆಲ್ಲ ಕೆಸರು.

"ಯಾವನು ಹಗ್ಗ ಹಿಡಿದಿರೋದು?"

"ನಾನು."

ದುರುಗಪ್ಪ ಬಾಯಿಗೆ ಬಂದದ್ದನ್ನು ನುಂಗಿಕೊಂಡ. "ಅಯ್ನೋರೇ, ನೀವು ಅಡುಗೆಮನೆಗೆ ಹೋಗಿ."

"ಯಾಕೆ? ಬುಟ್ಟಿ ತಡವಾಯಿತಾ?"

"ತಡ ಆಗಲಿಲ್ಲ."

"ಮತ್ತೆ?"

"ನಾನು ಜಗ್ಗಿದ್ದು ನಿಮಗೆ ಮುಟ್ಟಿತಾ ಇಲ್ಲವಾ ಅಂತ ನನಗೆ ಹೇಗೆ ಗೊತ್ತಾಗಬೇಕು? ಬುಟ್ಟಿ ಯಾವಾಗ ಏಳುತ್ತೆ, ಯಾವಾಗ ತಲೆ ಮೇಲೆ ಬರುತ್ತೆ ಅಂತ ಕತ್ತು ಎತ್ತಿಕೊಂಡೇ ನಿಂತಿದ್ದೆ. ಕೆಳಗಿದ್ದವನು ಮೇಲೆ ನೋಡ್ತಾ ನಿಲ್ಲಬೇಕಾ, ಅಗೀಬೇಕಾ? ಎರಡರಲ್ಲಿ ಒಂದು ಹೇಳಿ."

ಕೊಟ್ರಯ್ಯನ ಮುಖ ಕೆಂಪಾಯಿತು. ತಾನು ಆರು ವರ್ಷ ಆಡಬೇಕೆಂದಿದ್ದ ಮಾತನ್ನು ಈ ಕೆಸರಿನ ಮನುಷ್ಯ ತನಗೇ ಆಡಿದ್ದ. ಅದು ಅವನಿಗೆ ಸರಿಬರಲಿಲ್ಲ.

"ಇವರು ಮೇಲಿದ್ದರೆ ನಾನು ಇಳಿಯಲ್ಲ," ಎಂದ ದುರುಗಪ್ಪ ಹೆಂಡತಿಗೆ.

"ಬೇಡ. ನಾನೇ ಇಳೀತೀನಿ," ಎಂದ ಕೊಟ್ರಯ್ಯ. "ಇನ್ನೆಷ್ಟಿದೆ?"

"ಎರಡು ಅಡಿ. ಅದರ ಕೆಳಗೆ ನೀರಿನ ಸೆಲೆ ಇರಬೇಕು. ಹುಡುಗಾಟ ಅಲ್ಲ ಅಯ್ನೋರೇ."

"ಎರಡು ಅಡಿ ತಾನೆ? ತೆಗೆದುಬಿಟ್ಟು ನಾಳೆ ಹತ್ತು ಗಂಟೆ ಬಸ್ಸಿಗೆ ಹೋಗ್ತೀನಿ."

"ಹಗ್ಗ ಯಾರು ಹಿಡೀತಾರೆ?"

"ನಾನು," ಎಂದಿತು ಒಂದು ಧ್ವನಿ.

ಹೊಂಗೆ ಮರದ ನೆರಳಲ್ಲಿ ಗುರುಗಳು ನಿಂತಿದ್ದರು. ಎಷ್ಟು ಹೊತ್ತಿನಿಂದ ಇದ್ದರೋ, ಯಾರಿಗೂ ಗೊತ್ತಿರಲಿಲ್ಲ. ಬಂದು ಕೈಚಾಚಿದರು. ಇಲ್ಲ ಎನ್ನುವವರು ಯಾರು?

ಹನುಮವ್ವ ಅವರಿಗೂ ಎಲ್ಲ ಹೇಳಿದಳು. ಒಂದು, ಎರಡು, ಮೂರು. ತಿರುಗಿ ಜಗ್ಗುವುದು. ಬಿಗಿಹಿಡಿಯುವುದು. ಗುರುಗಳು ತಲೆಯಾಡಿಸಿದರು.

ಆ ತಲೆಯಾಟ ಕೊಟ್ರಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಹಲಗೆಯ ಮೇಲೆ ಕೂತಾಗ ಅವನು ಸೊಂಟದ ಸನ್ನೆ ಹಗ್ಗದ ಗಂಟನ್ನು ಇನ್ನೊಮ್ಮೆ ಬಿಗಿದುಕೊಂಡ.

ಬಾವಿಯ ತಳ ತಣ್ಣಗಿತ್ತು. ಮೇಲೆ ನೋಡಿದರೆ ಆಕಾಶ ಒಂದು ತಟ್ಟೆಯಷ್ಟು. ಅವನು ಹಲಗೆಯಿಂದ ಇಳಿದ. ಹಲಗೆ ಮೇಲೆ ಹೋಯಿತು, ಬುಟ್ಟಿ ಬಂತು. ಕೆಸರು ತುಂಬಿ ಒಂದು ಜಗ್ಗಿದ.

ಒಂದು ಜಗ್ಗು ತಿರುಗಿ ಬಂತು. ಬುಟ್ಟಿ ಎದ್ದಿತು.

ಪರವಾಗಿಲ್ಲ ಮುದುಕ, ಎಂದುಕೊಂಡ ಕೊಟ್ರಯ್ಯ.

ಎರಡು ಜಗ್ಗಿದ. ಎರಡು ಬಂತು. ಹೀಗೆ ಹತ್ತು ಬುಟ್ಟಿ ಹೋಯಿತು, ಹದಿನೈದು ಹೋಯಿತು. ಅವನು ಕತ್ತೆತ್ತಿ ನೋಡುವುದನ್ನು ಬಿಟ್ಟ. ಕೈ ತಾನಾಗಿ ಓಡಿತು. ಸಿಟ್ಟು ಎಲ್ಲೋ ಹೋಗಿ, ಕೆಲಸವೊಂದೇ ಉಳಿಯಿತು. ಆರು ವರ್ಷದಲ್ಲಿ ಹೀಗೆ ಕೆಲಸ ಮಾಡಿದ್ದು ನೆನಪಿರಲಿಲ್ಲ.

ಆಮೇಲೆ ಹಾರೆ ಒಂದು ಕಲ್ಲಿಗೆ ತಗುಲಿತು. ಮೀಟಿದ. ಕಲ್ಲು ಏಳುತ್ತಲೇ ಅದರಡಿಯಿಂದ ನೀರು ಬುಳುಬುಳು ಎಂದು ನುಗ್ಗಿತು.

ಮೊದಲು ಖುಷಿಯಾಯಿತು. ನೀರು ಪಾದ ಮುಚ್ಚಿತು. ಕಣಕಾಲಿಗೆ ಬಂತು. ಪಕ್ಕದ ಗೋಡೆಯಿಂದ ಒಂದು ಮಣ್ಣಿನ ಹೆಂಟೆ ಕಳಚಿ ದುಡುಮ್ಮನೆ ಬಿತ್ತು.

ಅವನು ಮೂರು ಜಗ್ಗಿದ.

ಉತ್ತರ ಬರಲಿಲ್ಲ.

ಮತ್ತೆ ಮೂರು ಜಗ್ಗಿದ. ಹಗ್ಗ ಸಡಿಲವಾಗಿ ಜೋತಾಡುತ್ತಿತ್ತು. ನೀರು ಮೊಣಕಾಲಿಗೆ ಬಂತು.

ಕೂಗಿದ. ಕೂಗು ಅವನ ಕಿವಿಗೇ ಬಂದು ಬಡಿಯಿತು. ಮೇಲೆ ಯಾರೋ ಏನೋ ಅಂದಂತಾಯಿತು. ಒಂದಕ್ಷರ ತಿಳಿಯಲಿಲ್ಲ.

ಇನ್ನೊಂದು ಹೆಂಟೆ ಬಿತ್ತು. ಭುಜಕ್ಕೆ ಸವರಿಕೊಂಡು ಹೋಯಿತು.

ಮೂರನೆಯ ಸಲ ಜಗ್ಗಿದ. ಏನೂ ಇಲ್ಲ. ಅವರು ಕಣ್ಣು ಮುಚ್ಚಿದ್ದಾರೆ ಎಂದುಕೊಂಡ. ನಾನು ಇಲ್ಲಿ ಸಾಯ್ತೀನಿ, ಅವರು ಅಲ್ಲಿ ಕಣ್ಣು ಮುಚ್ಚಿದ್ದಾರೆ.

ನಾಲ್ಕನೆಯ ಸಲ ಜಗ್ಗಲು ಅವನಿಗೆ ಮನಸ್ಸಿರಲಿಲ್ಲ. ಆದರೂ ಜಗ್ಗಿದ.

ಹಗ್ಗ ಬಿಗಿಯಿತು.

ಯಾರೂ ಎಳೆಯಲಿಲ್ಲ. ಹಲಗೆ ಇಳಿಯಲಿಲ್ಲ. ಹಗ್ಗ ಮಾತ್ರ ಸೊಂಟದಿಂದ ನೆಟ್ಟಗೆ ಮೇಲೆ ಹೋಗಿ ಬಿಗಿಯಾಗಿ ನಿಂತಿತು. ಆ ತುದಿಯಲ್ಲಿ ಒಂದು ಕೈ ಇರುವುದು ಈ ತುದಿಗೆ ಗೊತ್ತಾಗುತ್ತಿತ್ತು.

ನೀರು ತೊಡೆಗೆ ಬಂತು. ಅದು ಇಳಿಯಲಿಲ್ಲ. ಆದರೆ ಕೊಟ್ರಯ್ಯನ ಎದೆ ಬಡಿತ ಇಳಿಯಿತು. ಗೋಡೆ ಕುಸಿಯದ ಕಡೆಗೆ ಸರಿದು ಬೆನ್ನು ಕೊಟ್ಟು ನಿಂತ. ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು ಎನಿಸಿತು.

ನೀರು ಸೊಂಟಕ್ಕೆ ಬಂದಾಗ ಹಗ್ಗ ಮೂರು ಸಲ ಜಗ್ಗಿತು. ಹಲಗೆ ಇಳಿಯಿತು.

ಮೇಲೆ ಬಂದಾಗ ಮೊದಲು ಕೇಳಿಸಿದ್ದು ಹನುಮವ್ವನ ಬಾಯಿ.

"ಕೈಯಲ್ಲಿ ಹಗ್ಗ ಕುಣೀತಾ ಇದೆ, ನೀವು ಸುಮ್ಮನೆ ಕೂತಿದ್ದೀರಲ್ಲ ಅಜ್ಜಾರೇ! ನಾನು ಕೈ ತೊಳೆದುಕೊಂಡು ಬಂದು, ಬಿಗಿಹಿಡೀರಿ ಅಂತ ಕೂಗೋದು ಇನ್ನೊಂದು ಗಳಿಗೆ ತಡ ಆಗಿದ್ದರೆ?"

"ದಪ್ಪ ಹಗ್ಗ ರಾಟೆಯಿಂದ ಜಾರಿ ಸಿಕ್ಕಿಕೊಂಡಿತು ಅಯ್ನೋರೇ," ಎಂದ ದುರುಗಪ್ಪ. ಅವನ ಕೈಬೆರಳು ಜಜ್ಜಿಹೋಗಿತ್ತು. "ಬಿಡಿಸೋದಕ್ಕೆ ಇಷ್ಟು ಹೊತ್ತಾಯಿತು. ಅಲ್ಲಾ, ಸೆಲೆ ಒಡೆದುಬಿಟ್ಟಿರಲ್ಲ! ಮೂರು ದಿನ ಅಗೆದವನು ನಾನು, ಗಂಗಮ್ಮ ಬಂದಿದ್ದು ನಿಮ್ಮ ಕಾಲಿಗೆ."

ಆಳುಗಳು ನಕ್ಕರು. ಬಾವಿಯಲ್ಲಿ ನೀರು ಏರುವ ಸದ್ದು ಮೇಲಕ್ಕೆ ಕೇಳಿಸುತ್ತಿತ್ತು. ಎಲ್ಲರೂ ಬಗ್ಗಿ ನೋಡಿದರು. ಗುರುಗಳು ನೋಡಲಿಲ್ಲ. ಸನ್ನೆ ಹಗ್ಗ ಇನ್ನೂ ಅವರ ಕೈಗೆ ಸುತ್ತಿಕೊಂಡಿತ್ತು.

ಕೊಟ್ರಯ್ಯ ಸೊಂಟದ ಗಂಟು ಬಿಚ್ಚಿ ಕಟ್ಟೆಯ ಮೇಲೆ ಕೂತ. ಗುರುಗಳು ಬಂದು ಪಕ್ಕದಲ್ಲಿ ಕೂತರು. ಬಿಳಿ ಪಂಚೆಗೆ ಕೆಸರಾಯಿತು.

"ಎಷ್ಟು ಸಲ ಜಗ್ಗಿದೆ?"

"ನಾಲ್ಕು."

"ಮೊದಲಿನ ಮೂರೂ ನನಗೆ ಮುಟ್ಟಿತ್ತು."

"ಮುಟ್ಟಿತ್ತಾ?"

"ರಾಟೆ ಯಾವಾಗ ಬಿಡುತ್ತೋ ಗೊತ್ತಿರಲಿಲ್ಲ. ಗೊತ್ತಾಗಲಿ, ಆಮೇಲೆ ಉತ್ತರ ಕೊಡೋಣ ಅಂದುಕೊಂಡೆ."

"ಹನುಮವ್ವ ಹೇಳಿಕೊಟ್ಟಿದ್ದಳಲ್ಲ, ಬಿಗಿಹಿಡೀರಿ ಅಂತ?"

"ಹೇಳಿದ್ದಳು. ಅಭ್ಯಾಸ ಇಲ್ಲ."

ಗುರುಗಳು ಕೈಗೆ ಸುತ್ತಿದ್ದ ಹಗ್ಗ ಬಿಚ್ಚಿದರು.

"ಆ ಅರವತ್ತು ಜನ," ಎಂದರು ಗುರುಗಳು. "ಬರ್ತೀವಿ ಅಂತ ಒಂದು ಸಲ ಹೇಳಿಕಳಿಸಿದರು. ಬರೋದು ಅನುಮಾನ ಅಂತ ಇನ್ನೊಂದು ಸಲ. ಬರ್ತಾರೋ ಇಲ್ಲವೋ ನನಗೇ ಗೊತ್ತಿರಲಿಲ್ಲ."

"ಅಷ್ಟನ್ನೇ ಹೇಳಬಹುದಿತ್ತಲ್ಲ ಅಜ್ಜಾರೇ. ಅಕ್ಕಿಯಾದರೂ ಕೇರಿ ಇಟ್ಟಿರ್ತಿದ್ದೆ."

"ಹೇಳಬಹುದಿತ್ತು. ಗುರು ಅಂತ ಕೂತವನಿಗೆ ಗೊತ್ತಿಲ್ಲ ಅನ್ನೋದಕ್ಕೆ ಬಾಯಿ ಬರೋದಿಲ್ಲ. ಕಣ್ಣು ಮುಚ್ಚೋದು ಸುಲಭ."

ಕೊಟ್ರಯ್ಯ ಅಂಗೈಯ ಕೆಸರು ಉಜ್ಜಿದ.

"ಕೊಟ್ಟಿಗೆ ಗೋಡೆ ಯಾಕೆ ಕೆಡವಿಸಿದಿರಿ?"

"ನಾನು ತೋರಿಸಿದ ಜಾಗ ತಪ್ಪು. ಮಳೆನೀರು ಹರಿಯೋ ದಾರಿ ಅದು. ಕಟ್ಟಿದ ಮೇಲೆ ಕಂಡಿತು."

"ನಾನು ಕಟ್ಟಿದ್ದು ಸೊಟ್ಟ ಆಗಿರಲಿಲ್ಲವಾ?"

ಗುರುಗಳು ಅವನ ಕಡೆ ತಿರುಗಿದರು.

"ಯಾರು ಹಾಗಂದರು?"

"ಯಾರೂ ಅನ್ನಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಅದಕ್ಕೇ ಹಾಗೆ ಅಂದುಕೊಂಡೆ. ಆಮೇಲೆ ನಾನು ಕಲ್ಲಿನ ಕೆಲಸವನ್ನೇ ಮುಟ್ಟಲಿಲ್ಲ."

ಗುರುಗಳು ಬಹಳ ಹೊತ್ತು ಸುಮ್ಮನಿದ್ದರು. ಈ ಸಲ ಕಣ್ಣು ತೆರೆದೇ ಇತ್ತು.

"ಆ ಗೋಡೆ ನೆಟ್ಟಗಿತ್ತು, ಕೊಟ್ರಯ್ಯ," ಎಂದರು. "ಬಹಳ ನೆಟ್ಟಗಿತ್ತು. ಕೆಡವೋದಕ್ಕೆ ಎರಡು ದಿನ ಬೇಕಾಯಿತಲ್ಲ."

ಕೊಟ್ರಯ್ಯ ಮುಖ ಆ ಕಡೆ ತಿರುಗಿಸಿಕೊಂಡು ಕಣ್ಣೊರೆಸಿಕೊಂಡ. ಕೈಯಲ್ಲಿದ್ದ ಕೆಸರೆಲ್ಲ ಮುಖಕ್ಕಾಯಿತು. ಹನುಮವ್ವ ನೋಡಿ ನಕ್ಕಳು.

ಮರುದಿನ ಬೆಳಿಗ್ಗೆ ಅವನು ಬಟ್ಟೆಯ ಗಂಟು ಹಿಡಿದು ಗುರುಗಳ ಬಾಗಿಲಲ್ಲಿ ನಿಂತ. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಕೈಗೊಂಚಲು ಕಲ್ಲುಹಾಸಿನ ಮೇಲೆ ಬಿದ್ದಲ್ಲೇ ಬಿದ್ದಿತ್ತು. ಅದರ ಸುತ್ತ ಯಾರೋ ಕಸ ಗುಡಿಸಿದ್ದರು.

ಗುರುಗಳು ಕಣ್ಣು ಮುಚ್ಚಿ ಕೂತಿದ್ದರು.

ನಮಸ್ಕಾರ ಮಾಡಿ ಹೋಗಿಬಿಡಬೇಕು ಎಂದೇ ಬಂದಿದ್ದ. ಆದರೆ ಬಾಯಿಂದ ಬಂದದ್ದು ಬೇರೆ.

"ಅಜ್ಜಾರೇ, ನಾಳೆ ಊಟಕ್ಕೆ ಎಷ್ಟು ಜನ?"

ಕೇಳಿದ ಮೇಲೆ ನಿಂತ. ಹೊರಗೆ ಬಾವಿಯ ರಾಟೆ ಕಿರುಗುಟ್ಟಿತು. ಯಾರೋ ಹೊಸ ನೀರು ಸೇದುತ್ತಿದ್ದರು.

ಗುರುಗಳು ಕಣ್ಣು ತೆರೆದರು. ಗಂಟಲು ಸರಿಮಾಡಿಕೊಂಡರು. ಭಾರದ ಕಲ್ಲೊಂದನ್ನು ಎತ್ತುವವರ ಹಾಗೆ ಮುಖವಾಯಿತು.

"ಗೊತ್ತಿಲ್ಲ," ಎಂದರು. "ಸಂಜೆಯೊಳಗೆ ಹೇಳ್ತೀನಿ."

ಕೊಟ್ರಯ್ಯ ಬಟ್ಟೆಯ ಗಂಟನ್ನು ನೋಡಿದ. ಕೈಗೊಂಚಲನ್ನು ನೋಡಿದ. ಗಂಟನ್ನು ಕೆಳಗಿಟ್ಟ.

ಹತ್ತು ಗಂಟೆಗೆ ಬಸ್ಸು ಬಂತು, ಹಾರ್ನ್ ಹೊಡೆಯಿತು, ಹೋಯಿತು.

ಕೊಟ್ರಯ್ಯ ಉಗ್ರಾಣ ತೆಗೆದ. ಹಲಗೆಯೊಂದನ್ನು ಹುಡುಕಿ ತೊಳೆದು ಬಾಗಿಲ ಪಕ್ಕದಲ್ಲಿ ನೇತುಹಾಕಿದ. ಸುಣ್ಣದ ಕಡ್ಡಿಯಿಂದ ಅದರ ಮೇಲೆ, ನಾಳೆ, ಎಂದು ಬರೆದು ಮುಂದೆ ಜಾಗ ಬಿಟ್ಟ. ಅಡುಗೆಯವರನ್ನೂ ದನ ಕಾಯುವವನನ್ನೂ ಕರೆದು, ಎಷ್ಟು ಜನ ಅಂತ ಇನ್ನೂ ಗೊತ್ತಿಲ್ಲ, ಸಂಜೆ ಹೇಳ್ತೀನಿ ಎಂದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು.

ಹೊತ್ತು ಇಳಿಯಿತು. ಕೊಟ್ರಯ್ಯ ಅಕ್ಕಿ ಕೇರುತ್ತಿದ್ದ. ತಲೆಯೆತ್ತಿ ಬಾಗಿಲ ಕಡೆ ನೋಡಬಾರದು ಎಂದುಕೊಂಡು ಎರಡು ಸಲ ನೋಡಿದ. ಆಮೇಲೆ ನೋಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕೋಲಿನ ಸದ್ದಾಯಿತು. ಆರು ವರ್ಷದಲ್ಲಿ ಗುರುಗಳು ಉಗ್ರಾಣದ ಬಾಗಿಲಿಗೆ ಬಂದವರಲ್ಲ. ಏದುಸಿರು ಬಿಡುತ್ತ ಬಂದು ಹೊಸ್ತಿಲ ಆಚೆ ನಿಂತರು. ಹಲಗೆಯನ್ನು ನೋಡಿದರು. ಕೊಟ್ರಯ್ಯನನ್ನು ನೋಡಿದರು.

"ಇನ್ನೂ ಗೊತ್ತಾಗಿಲ್ಲ," ಎಂದರು.